ಬ್ರೇಕ್ ಪ್ಯಾಡು: ಮೂಲ ಮತ್ತು ಪಾಠಾಂತರ

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸನಿಗೆ ಮೊದಲು ಎದುರಾಗುವ ಪ್ರಶ್ನೆ, ಮೂಲಪಾಠ ಯಾವುದು ಎಂಬುದು. ಕವಿ ತನ್ನ ಕೈಯಿಂದ ಬರೆದ ಓಲೆ ನಮಗೆ ದೊರೆಯುವುದಿಲ್ಲ. ದೊರೆಯುವುವೆಲ್ಲ ಲಿಪಿಕಾರರ ಪ್ರತಿಗಳು. ಮಠದ ಭಂಡಾರದಿಂದ ಬಂದಿತೆಂಬ ಒಂದೇ ಕಾರಣಕ್ಕೆ ಒಂದು ಪ್ರತಿಯನ್ನು ಶುದ್ಧವೆನ್ನುವಂತಿಲ್ಲ. ಹಳ್ಳಿಯ ಶಾನುಭೋಗರ ಅಟ್ಟದಿಂದ ಇಳಿದು ಬಂದಿತೆಂಬ ಕಾರಣಕ್ಕೆ ಇನ್ನೊಂದನ್ನು ತಳ್ಳಿಹಾಕುವಂತೆಯೂ ಇಲ್ಲ. ಪಾಠವನ್ನು ಪಾಠವಾಗಿಯೇ ಒರೆಗೆ ಹಚ್ಚಿ ನೋಡಬೇಕು. ಇಂದು ನಾನು ಹೇಳಹೊರಟಿರುವುದು ಕಾವ್ಯದ ಮಾತಲ್ಲ, ಕಾರಿನ ಬ್ರೇಕ್ ಪ್ಯಾಡಿನ ಮಾತು. ಆದರೆ ಎರಡರಲ್ಲಿಯೂ ಪ್ರಶ್ನೆ ಒಂದೇ ಎಂಬುದನ್ನು ಕೇಳುಗರು ಬೇಗನೆ ಕಾಣುವರು.

ಕಾರಿಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಸವೆದ ಪ್ಯಾಡನ್ನು ಕೈಯಲ್ಲಿ ಹಿಡಿದು ಗ್ಯಾರೇಜಿನ ಮೆಕ್ಯಾನಿಕ್ಕು ಕೇಳುತ್ತಾನೆ: "ಕಂಪೆನಿ ಮಾಲೇ ಹಾಕೋಣವೋ, ಹೊರಗಿನದು ಹಾಕೋಣವೋ, ಸಾರ್?" ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲಿಗೆ ಸಾಲೇ ಇದೆ. ಅಲ್ಲಿಯೂ ಇದೇ ಮಾತು. ಕಂಪೆನಿಯ ಡಬ್ಬಿಯಲ್ಲಿ ಬಂದುದು 'ಒರಿಜಿನಲ್', ಉಳಿದುದೆಲ್ಲ 'ಡೂಪ್ಲಿಕೇಟ್' ಎಂಬ ಸರಳ ವಿಭಾಗ ನಮ್ಮ ನಾಲಗೆಗೆ ರೂಢಿಯಾಗಿಬಿಟ್ಟಿದೆ. ಈ ವಿಭಾಗ ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಬೇಕಾದರೆ ಆ ಪುಟ್ಟ ವಸ್ತುವಿನ ಚರಿತ್ರೆಯನ್ನು ಕೊಂಚ ನೋಡಬೇಕು.

ಮೊದಲು ಅದರ ಕೆಲಸವೇನೆಂದು ತಿಳಿಯೋಣ. ಬ್ರೇಕು ಚಲನೆಯನ್ನು ನಾಶಮಾಡುವುದಿಲ್ಲ. ಅದನ್ನು ಶಾಖವಾಗಿ ಮಾರ್ಪಡಿಸುತ್ತದೆ. ೧,೨೦೦ ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ ೮೦ ಕಿಲೋಮೀಟರ್ ವೇಗದಿಂದ ಪೂರ್ತಿಯಾಗಿ ನಿಂತಾಗ ಹುಟ್ಟುವ ಶಾಖ ಸುಮಾರು ೩೦೦ ಕಿಲೋಜೌಲ್. ಅದೇ ಕಾರು ೬೦೦ ಮೀಟರ್ ಎತ್ತರದ ಘಟ್ಟವನ್ನು ಕೇವಲ ಬ್ರೇಕಿನ ಆಸರೆಯಲ್ಲಿ ಇಳಿಯಿತೆಂದರೆ ಹುಟ್ಟುವ ಶಾಖ ಸುಮಾರು ೭,೦೦೦ ಕಿಲೋಜೌಲ್. ಇಪ್ಪತ್ತು ಲೀಟರಿಗೂ ಹೆಚ್ಚು ನೀರನ್ನು, ಎಂದರೆ ಸಣ್ಣದೊಂದು ಹಂಡೆಯ ನೀರನ್ನು, ಕುದಿಸಲು ಅಷ್ಟು ಸಾಕು. ಆ ಬೆಂಕಿಯನ್ನೆಲ್ಲ ಮೊದಲು ಎದುರಿಸುವುದು ಅಂಗೈಯಗಲದ ಕೆಲವು ಪ್ಯಾಡುಗಳು ಮತ್ತು ಅವು ಹಿಡಿಯುವ ಎರಕದ ಕಬ್ಬಿಣದ ತಟ್ಟೆಗಳು. ಮಿತಿಮೀರಿ ಕಾದ ಪ್ಯಾಡಿನಲ್ಲಿ ಅಂಟುದ್ರವ್ಯ ವಿಘಟನೆಗೊಂಡು ಅನಿಲ ಹೊರಡುತ್ತದೆ, ಹಿಡಿತ ಸಡಿಲುತ್ತದೆ. ಪೆಡಲನ್ನು ಎಷ್ಟು ಒತ್ತಿದರೂ ಗಾಡಿ ನಿಲ್ಲದು. ಹತ್ತುವಾಗ ಬಳಸಿದ ಗೇರಿನಲ್ಲಿಯೇ ಇಳಿಯಬೇಕೆಂದು ಆಗುಂಬೆ, ಚಾರ್ಮಾಡಿಗಳ ಚಾಲಕರು ಹೇಳುವುದು ಇದಕ್ಕಾಗಿಯೇ. ಹೀಗಿರುವಾಗ ಪ್ಯಾಡಿನ ಆಯ್ಕೆ ಬರಿಯ ಬೆಲೆಯ ವಿಚಾರವಲ್ಲ. ಇಳಿಜಾರಿನ ಕೊನೆಯ ತಿರುವಿನಲ್ಲಿ ಕುಟುಂಬವೊಂದರ ಪ್ರಾಣದ ವಿಚಾರ.

ಇನ್ನು ಚರಿತ್ರೆಗೆ ಬರೋಣ. ೧೮೮೮ರ ಆಗಸ್ಟ್ ತಿಂಗಳು. ಜರ್ಮನಿಯ ಮಾನ್‌ಹೈಮ್ ಪಟ್ಟಣದಿಂದ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳೊಡನೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಏರಿ, ಸುಮಾರು ೧೦೦ ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮಿಗೆ ಹೊರಟಳು. ಮೋಟಾರು ವಾಹನದ ಮೊದಲ ದೂರಪ್ರಯಾಣವೆಂದು ಇದಕ್ಕೆ ಖ್ಯಾತಿ. ದಾರಿಯ ಇಳಿಜಾರುಗಳಲ್ಲಿ ಬ್ರೇಕಿನ ಕಟ್ಟಿಗೆ ಸವೆದುಹೋಯಿತು. ಆಕೆ ಹಳ್ಳಿಯೊಂದರಲ್ಲಿ ಗಾಡಿ ನಿಲ್ಲಿಸಿ, ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಯಿಸಿಕೊಂಡು ಮುಂದೆ ಸಾಗಿದಳು. ಜಗತ್ತಿನ ಮೊದಲ ಬ್ರೇಕ್ ಲೈನಿಂಗು ಅದೇ ಎಂದು ಹೇಳುವುದುಂಟು. ಇಲ್ಲಿಯ ಸ್ವಾರಸ್ಯವನ್ನು ಗಮನಿಸಬೇಕು. ಮೂಲ ತಯಾರಕ ಸ್ವತಃ ಕಾರ್ಲ್ ಬೆಂಜ್. ಅವನಿಗಿಂತ ಮೂಲದವನು ಇನ್ನಾರು? ಆದರೂ ಅವನ ಮೂಲವಸ್ತು ಇಳಿಜಾರಿನಲ್ಲಿ ಸೋತಿತು. ಗೆದ್ದುದು ಹೊರಗಿನವನ ತೊಗಲು.

ಎರಡನೆಯ ಪ್ರಸಂಗ ಇಂಗ್ಲೆಂಡಿನದು. ಡರ್ಬಿಶೈರ್ ಗುಡ್ಡಗಾಡಿನ ಚಾಪೆಲ್-ಎನ್-ಲೆ-ಫ್ರಿತ್ ಎಂಬ ಊರಿನ ಪರಿಸರದಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನಿದ್ದ. ಅಲ್ಲಿಯ ಗಾಡಿಯವರು ಇಳಿಜಾರಿನಲ್ಲಿ ಗಾಲಿಗೂ ಬ್ರೇಕಿನ ತುಂಡಿಗೂ ನಡುವೆ ಹಳೆಯ ಬೂಟೊಂದನ್ನು ಸಿಕ್ಕಿಸುತ್ತಿದ್ದುದನ್ನು ಈತ ಕಂಡನಂತೆ. ಆ ಬೂಟಿನಿಂದ ಹೊಳೆದ ವಿಚಾರವನ್ನು ಬೆಳೆಸಿ, ೧೮೯೭ರಲ್ಲಿ ಅವನು ಬ್ರೇಕಿನ ಲೈನಿಂಗ್ ತಯಾರಿಸುವ ಉದ್ಯಮವನ್ನೇ ಆರಂಭಿಸಿದ. ಅವನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿಸಿ, ಒಂದನ್ನು ಹೆಚ್ಚಿಗೆ ಸೇರಿಸಿದಾಗ ಹುಟ್ಟಿದ ಹೆಸರು 'ಫೆರೋಡೊ'. ಫ್ರೂಡ್ ಕಾರುಗಳ ತಯಾರಕನಲ್ಲ. ಅವನ ಲೈನಿಂಗು ಮೊದಲು ಕುದುರೆಗಾಡಿಗಳಿಗೆ ಬಂದು, ಬಳಿಕ ಮೋಟಾರಿಗೆ ಏರಿತು. ಮುಂದೆ ಫೆರೋಡೊ ಪ್ಯಾಡುಗಳು ಅನೇಕ ಕಾರುಗಳಿಗೆ 'ಒರಿಜಿನಲ್' ಆದುವು. ಎಂದರೆ, ಕಾರಿನ ಕಾರ್ಖಾನೆಯ ಹೊರಗೆ ಹುಟ್ಟಿದುದೇ ಕಾಲಕ್ರಮದಲ್ಲಿ ಮೂಲವೆನಿಸಿಕೊಂಡಿತು!

ಇನ್ನೊಂದು ಉದಾಹರಣೆ. ಡಿಸ್ಕ್ ಬ್ರೇಕಿಗೆ ೧೯೦೨ರಲ್ಲಿಯೇ ಫ್ರೆಡರಿಕ್ ಲಾಂಚೆಸ್ಟರ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ತಟ್ಟೆಯನ್ನು ಹಿಡಿಯಲು ಅವನು ಬಳಸಿದುದು ತಾಮ್ರ. ಅದು ಬೇಗ ಸವೆಯುತ್ತಿತ್ತು, ಕಿವಿ ಸೀಳುವಂತೆ ಕಿರುಚುತ್ತಿತ್ತು. ವಿಚಾರ ಸರಿಯಿದ್ದರೂ ಉಜ್ಜುವ ವಸ್ತು ಸರಿಯಿಲ್ಲದೆ ಅದು ಅರ್ಧ ಶತಮಾನ ಕಾಯಬೇಕಾಯಿತು. ೧೯೫೩ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದಾಗ ಲೋಕ ಕಣ್ಣರಳಿಸಿ ನೋಡಿತು. ಆ ಬ್ರೇಕನ್ನು ಮಾಡಿದುದು ಜಾಗ್ವಾರ್ ಅಲ್ಲ. ಟೈರುಗಳಿಗೆ ಹೆಸರಾದ ಡನ್ಲಪ್. ನಮ್ಮ ದೇಶದ ಸ್ಥಿತಿಯೂ ಬೇರೆಯಲ್ಲ. ೧೯೬೨ರಲ್ಲಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ, ೧೯೬೪ರಲ್ಲಿ ಅಲ್ಲಿಯೇ ರಾಣೆ ಬ್ರೇಕ್ ಲೈನಿಂಗ್, ೧೯೭೪ರಲ್ಲಿ ಸುಂದರಂ ಬ್ರೇಕ್ ಲೈನಿಂಗ್ಸ್ ಸ್ಥಾಪಿತವಾದುವು. ಕಾರು ಮಾಡುವವರು ಸಾಮಾನ್ಯವಾಗಿ ಪ್ಯಾಡನ್ನು ತಾವೇ ಮಾಡುವುದಿಲ್ಲ. ಇಂತಹ ತಜ್ಞ ಕಾರ್ಖಾನೆಗಳಿಂದ ಮಾಡಿಸಿ, ತಮ್ಮ ಮುದ್ರೆಯ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಕವಿ ಒಬ್ಬ, ಲಿಪಿಕಾರ ಮತ್ತೊಬ್ಬ.

ಹಾಗಾದರೆ 'ಮೂಲ'ವೆಂಬ ಮಾತಿಗೆ ಬೆಲೆಯೇ ಇಲ್ಲವೆ? ಉಂಟು. ಕಾರಿನ ತೂಕ, ತಟ್ಟೆಯ ಅಳತೆ, ಮುಂದಿನ ಹಿಂದಿನ ಚಕ್ರಗಳ ನಡುವಣ ಹಿಡಿತದ ಹಂಚಿಕೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಆ ಕಾರಿನಲ್ಲಿಯೇ ಪರೀಕ್ಷೆಗೆ ಒಳಗಾದ ಪ್ಯಾಡು ಅದು. ಮೂಲದ ಗೌರವವಿರುವುದು ಈ ಪರೀಕ್ಷೆಯಲ್ಲಿ. ಡಬ್ಬಿಯ ಮೇಲಿನ ಹೆಸರಿನಲ್ಲಿ ಅಲ್ಲ. ಹೆಸರನ್ನೇ ಪ್ರಮಾಣವೆಂದು ನಂಬಿದರೆ ಏನಾಗುವುದೆಂಬುದಕ್ಕೆ ಇದೇ ಚರಿತ್ರೆಯಲ್ಲಿ ಒಂದು ಕರಾಳ ಅಧ್ಯಾಯವಿದೆ. ಅದು ಕಲ್ನಾರಿನ ಅಧ್ಯಾಯ.

ಬೆಂಕಿಗೆ ಅಂಜದ, ನೂಲಿನಂತೆ ನೇಯಬಹುದಾದ ಈ ಖನಿಜ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬ್ರೇಕಿನ ಲೈನಿಂಗನ್ನು ಸೇರಿತು. ಮುಂದೆ ಹಲವು ದಶಕಗಳ ಕಾಲ ಮೂಲ ತಯಾರಕರೂ ಹೊರಗಿನವರೂ ಭೇದವಿಲ್ಲದೆ ಅದನ್ನೇ ಬಳಸಿದರು. ಆದರೆ ೧೯೨೪ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ ಎಂಬ ಕಾರ್ಮಿಕ ಮಹಿಳೆ ತನ್ನ ೩೩ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಶ್ವಾಸಕೋಶದಲ್ಲಿ ಕಲ್ನಾರಿನ ಕಣಗಳಿದ್ದುದನ್ನು ವೈದ್ಯ ಕುಕ್ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ. ೧೯೩೧ರಲ್ಲಿ ಬ್ರಿಟನ್ನಿನಲ್ಲಿ ಕಾರ್ಖಾನೆಗಳ ಧೂಳನ್ನು ಹತೋಟಿಗೆ ತರುವ ನಿಯಮಗಳಾದುವು. ಪೂರ್ಣ ನಿಷೇಧಕ್ಕೆ ಮಾತ್ರ ೧೯೯೯ರವರೆಗೆ ಕಾಯಬೇಕಾಯಿತು. ಇಷ್ಟು ಕಾಲ ಆ ಧೂಳನ್ನು ಉಸಿರಾಡಿದವರು ಕಾರಿನ ಒಡೆಯರಲ್ಲ. ಕಾರ್ಖಾನೆಯ ಕಾರ್ಮಿಕರು, ಗ್ಯಾರೇಜಿನ ಕೆಲಸಗಾರರು. ಇಲ್ಲಿ ಮೂಲವೂ ವಿಷವೇ, ಪಾಠಾಂತರವೂ ವಿಷವೇ.

ಆದರೆ ಕಥೆಯ ಕೊನೆಯಲ್ಲೊಂದು ತಿರುವಿದೆ. ಅಮೆರಿಕೆಯಲ್ಲಿ ಕಾರು ತಯಾರಕರು ಬಹುಮಟ್ಟಿಗೆ ಕಲ್ನಾರನ್ನು ಬಿಟ್ಟ ಬಳಿಕವೂ, ಹೊರದೇಶಗಳಿಂದ ಬರುವ ಬದಲಿ ಬ್ರೇಕ್ ಸಾಮಗ್ರಿಗಳಲ್ಲಿ ಅದು ಉಳಿದುಕೊಂಡಿತ್ತು. ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ೧೯೮೯ರಲ್ಲಿ ಹೊರಡಿಸಿದ್ದ ನಿಷೇಧದ ಬಹುಭಾಗವನ್ನು ನ್ಯಾಯಾಲಯ ೧೯೯೧ರಲ್ಲಿ ರದ್ದುಮಾಡಿತ್ತು. ಮತ್ತೆ ೨೦೨೪ರ ಮಾರ್ಚ್‌ನಲ್ಲಿ ಬಿಳಿಯ ಕಲ್ನಾರನ್ನು ನಿಷೇಧಿಸಿದಾಗ, ಬದಲಿ ಬ್ರೇಕುಗಳನ್ನು ಆ ಆಜ್ಞೆಯಲ್ಲಿ ಹೆಸರಿಸಿಯೇ ಹೇಳಬೇಕಾಯಿತು. ಹೊರಗಿನ ಮಾಲೆಲ್ಲ ಕೆಟ್ಟದ್ದಲ್ಲ ಎನ್ನುವ ನಾನು, ಹೊರಗಿನ ಮಾಲೆಲ್ಲ ಒಳ್ಳೆಯದು ಎಂದೂ ಹೇಳಲಾರೆ. ನಮ್ಮ ದೇಶದಲ್ಲಿ ಕಲ್ನಾರಿನ ಬಳಕೆಗೆ ಸಂಪೂರ್ಣ ನಿಷೇಧವಿಲ್ಲ. ಚಕ್ರ ಬಿಚ್ಚಿ, ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಗ್ಯಾರೇಜಿನ ಹುಡುಗನನ್ನು ನೋಡಿದಾಗ ನನಗೆ ರಾಚ್‌ಡೇಲಿನ ಆ ಹೆಣ್ಣುಮಗಳು ನೆನಪಾಗುತ್ತಾಳೆ. ಒದ್ದೆ ಬಟ್ಟೆಯಿಂದ ಒರೆಸಪ್ಪ ಎಂದು ಹೇಳಲು ನಮಗೆ ಖರ್ಚೇನೂ ಇಲ್ಲ. ಕಲ್ನಾರಿಲ್ಲದ ಪ್ಯಾಡನ್ನೇ ಕೇಳಿ ಕೊಳ್ಳುವುದು ನಮ್ಮ ಚಕ್ರಕ್ಕಿಂತಲೂ ಹೆಚ್ಚಾಗಿ ಅವನ ಉಸಿರಿಗೆ ಸಂಬಂಧಿಸಿದ್ದು.

ಹೆಸರು ಪ್ರಮಾಣವಲ್ಲವಾದರೆ ಪ್ರಮಾಣ ಯಾವುದು? ಯೂರೋಪಿನ ರಾಷ್ಟ್ರಗಳು ಇದಕ್ಕೊಂದು ಉತ್ತರ ಕಂಡುಕೊಂಡವು. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ ಆಶ್ರಯದಲ್ಲಿ ೧೯೯೨ರಲ್ಲಿ ಜಾರಿಗೆ ಬಂದ ೯೦ನೆಯ ನಿಯಮದ ಪ್ರಕಾರ, ಬದಲಿ ಪ್ಯಾಡಿನ ಹಿಡಿತ ಮೂಲದ ಹಿಡಿತಕ್ಕಿಂತ ಶೇಕಡ ೧೫ಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದು. ಕಡಿಮೆಯಾಗಬಾರದೆಂಬುದು ಸರಿಯೆ, ಹೆಚ್ಚೂ ಆಗಬಾರದೇಕೆ? ಒಂದು ಜೊತೆ ಚಕ್ರ ಅತಿಯಾಗಿ ಹಿಡಿದರೆ ಗಾಡಿ ಸಮತೋಲ ತಪ್ಪೀತು. ಒಮ್ಮೆ ತೆರೆದರೆ ಗೊತ್ತಾಗುವಂತಹ ಮುಚ್ಚಿದ ಡಬ್ಬಿಯಲ್ಲಿಯೇ ಅದನ್ನು ಮಾರಬೇಕೆಂಬ ವಿಧಿಯೂ ಅಲ್ಲಿದೆ. ಅಮೆರಿಕೆಯಲ್ಲಿ ಪ್ಯಾಡಿನ ಅಂಚಿನ ಮೇಲೆ ಎರಡು ಅಕ್ಷರಗಳನ್ನು ಅಚ್ಚೊತ್ತುವ ಪದ್ಧತಿಯುಂಟು: ಮೊದಲನೆಯದು ಸಾಧಾರಣ ಶಾಖದ ಹಿಡಿತಕ್ಕೆ, ಎರಡನೆಯದು ಕಾದಾಗಿನ ಹಿಡಿತಕ್ಕೆ. 'ಇ' ಎಂದರೆ ಘರ್ಷಣಾಂಕ ೦.೨೫ರಿಂದ ೦.೩೫, 'ಎಫ್' ಎಂದರೆ ೦.೩೫ರಿಂದ ೦.೪೫. ಆದರೆ ಇದು ಒಂದು ಅಂಗುಲದ ತುಣುಕನ್ನು ಪ್ರಯೋಗಾಲಯದಲ್ಲಿ ಉಜ್ಜಿ ಪಡೆದ ಅಂಕ; ನಮ್ಮ ಕಾರು ಎಷ್ಟು ದೂರದಲ್ಲಿ ನಿಲ್ಲುವುದೆಂದು ಅದು ಹೇಳದು. ಪದಕೋಶ ನೋಡಿ ಕಾವ್ಯದ ಬೆಲೆ ಕಟ್ಟಲಾಗದಲ್ಲವೆ?

ಭಾರತದಲ್ಲಿ ಈ ವಿಚಾರ ನ್ಯಾಯದ ಕಟ್ಟೆಯನ್ನೂ ಏರಿದೆ. ೨೦೧೪ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ತಯಾರಕ ಸಂಸ್ಥೆಗಳಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳು ತೆರೆದ ಮಾರುಕಟ್ಟೆಗೆ ಬಾರದಂತೆ, ಅವನ್ನು ಮಾಡಿಕೊಡುವ ಕಾರ್ಖಾನೆಗಳೂ ಸ್ವತಂತ್ರವಾಗಿ ಮಾರದಂತೆ ತಡೆದದ್ದು ತಪ್ಪೆಂಬುದು ಅದರ ನಿರ್ಣಯದ ಸಾರ. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. ಆದರೆ 'ಕಂಪೆನಿ ಮಾಲು' ಎಂಬ ಮಾತಿನ ಹಿಂದೆ ಗುಣದೊಡನೆ ವ್ಯಾಪಾರವೂ ಇದೆಯೆಂಬುದನ್ನು ಅದು ಬಯಲಿಗೆ ತಂದಿತು.

ಆದುದರಿಂದ ನಮ್ಮ ರೂಢಿಯ ಎರಡು ವಿಭಾಗಗಳನ್ನು ನಾಲ್ಕಾಗಿಸಿಕೊಳ್ಳುವುದು ವಿವೇಕ. ಕಂಪೆನಿಯ ಡಬ್ಬಿಯಲ್ಲಿ ಬಂದುದು ಒಂದು. ಅದನ್ನು ಮಾಡಿಕೊಡುವ ಕಾರ್ಖಾನೆಯೇ ತನ್ನ ಹೆಸರಿನಲ್ಲಿ ಮಾರುವುದು ಎರಡು. ಬೇರೆ ತಯಾರಕರು ತಮ್ಮ ಹೆಸರನ್ನು ಮುಚ್ಚಿಡದೆ ಮಾರುವುದು ಮೂರು. ಇನ್ನೊಬ್ಬರ ಹೆಸರನ್ನು ಕದ್ದು ಅಂಟಿಸಿಕೊಂಡದ್ದು ನಾಲ್ಕು. ಮೊದಲ ಮೂರು ಪಾಠಗಳು. ನಾಲ್ಕನೆಯದು ಮಾತ್ರ ಕೂಟರಚನೆ. ಕಂಪೆನಿಯ ಡಬ್ಬಿ ನಮಗೆ ಪರೀಕ್ಷೆಯ ಭರವಸೆಯನ್ನು ಸಿದ್ಧವಾಗಿ ಕೊಡುತ್ತದೆ. ಬೇರೇನೂ ತಿಳಿಯದಾಗ ಅದನ್ನೇ ಕೊಳ್ಳುವುದು ಕ್ಷೇಮ. ಎರಡನೆಯ ಮೂರನೆಯ ಬಗೆಯನ್ನು ಕೊಳ್ಳುವವರು, ತಯಾರಕನ ಹೆಸರು, ತಯಾರಾದ ತಂಡದ ಸಂಖ್ಯೆ, ಯಾವ ಕಾರಿಗೆ ಎಂಬ ನಮೂದು, ಪರೀಕ್ಷೆಯ ಗುರುತು ಇವನ್ನು ನೋಡಿ, ರಸೀದಿ ಪಡೆದು ಕೊಳ್ಳಬೇಕು. ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಬಗೆ ಹಾಕಿಸಬಾರದು. ಹೊಸ ಪ್ಯಾಡು ತಟ್ಟೆಗೆ ಹೊಂದಿಕೊಳ್ಳುವವರೆಗೆ ಕೆಲವು ದಿನ ಮೆಲ್ಲನೆ ಓಡಿಸಬೇಕು. ಹೆಸರೇ ಇಲ್ಲದ ಅಗ್ಗದ ಪ್ಯಾಡನ್ನು ಮಾತ್ರ ಮುಟ್ಟಬಾರದು. ಏಕೆಂದರೆ ನಾಳೆ ಅದು ಕೈಕೊಟ್ಟರೆ ಹೊಣೆ ಹೊರುವವರು ಯಾರೂ ಇರುವುದಿಲ್ಲ.

ತೇರು ಇಳಿಜಾರಿಗೆ ಬಂದಾಗ ಗಾಲಿಯಡಿಗೆ ಮರದ ತುಂಡು ಕೊಟ್ಟು ತಡೆಯುವವನನ್ನು ನಮ್ಮ ಜಾತ್ರೆಗಳಲ್ಲಿ ಕಂಡಿದ್ದೇವೆ. ಅವನ ಮನೆತನವನ್ನು ಆಗ ಯಾರೂ ಕೇಳುವುದಿಲ್ಲ. ಕೈ ಪಳಗಿದೆಯೆ, ಮರ ಗಟ್ಟಿಯಿದೆಯೆ ಎಂದಷ್ಟೇ ನೋಡುತ್ತಾರೆ. ಬ್ರೇಕಿನ ಪ್ಯಾಡನ್ನು ಕೊಳ್ಳುವಾಗಲೂ ನಾವು ಕೇಳಬೇಕಾದ ಪ್ರಶ್ನೆ ಅದೇ.