‘ಹಾಲಿ’ ಮತ್ತು ‘ಆಧುನಿಕ’: ರಾಯಚೂರು ಸೀಮೆಯ ವರ್ತಮಾನವಾಚಕಗಳು

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಖರೀದಿಪತ್ರಗಳಲ್ಲಿ, ದಾವೆಯ ಕಾಗದಗಳಲ್ಲಿ ವ್ಯಕ್ತಿಯ ಹೆಸರಿನ ಮುಂದೆ ‘ಸಾ॥ ದೇವದುರ್ಗ, ಹಾಲಿವಸ್ತಿ ರಾಯಚೂರು’ ಎಂಬಂತಹ ಒಕ್ಕಣೆ ಕಾಣುವುದುಂಟು. ಮೂಲದ ಊರೊಂದು, ಈಗಿರುವ ಊರು ಇನ್ನೊಂದು ಎಂಬುದು ಇದರ ತಾತ್ಪರ್ಯ. ‘ಸಾ॥’ ಎಂಬುದು ನಿವಾಸಿ ಎಂಬರ್ಥದ ಅರಬ್ಬಿಯ ‘ಸಾಕಿನ್’ ಪದದ ಸಂಕ್ಷೇಪ. ಸ್ಥಿತಿ, ವರ್ತಮಾನ ಎಂಬರ್ಥದ ಅರಬ್ಬಿಯ ‘ಹಾಲ್’ ಪಾರಸಿ, ಉರ್ದುಗಳ ಮೂಲಕ ನಮ್ಮಲ್ಲಿ ‘ಹಾಲಿ’ಯಾಗಿದೆ. ಅದರ ಜೊತೆಯ ‘ಮಾಜಿ’ಯೂ ಅರಬ್ಬಿಯದೇ, ಕಳೆದುಹೋದದ್ದು ಎಂಬುದು ಅದರ ಅರ್ಥ. ‘ಹಾಲಿ ಶಾಸಕ’, ‘ಮಾಜಿ ಶಾಸಕ’ ಎನ್ನುವಾಗ ಇವು ಪರಭಾಷೆಯ ಪದಗಳೆಂಬ ನೆನಪೂ ಯಾರಿಗೂ ಬಾರದಷ್ಟು ಇವು ಕನ್ನಡವಾಗಿವೆ.

ಇದೇ ಸೀಮೆಯ ಸಾಹಿತ್ಯವನ್ನು ಕುರಿತು ಬರೆಯುವಾಗ ಮಾತ್ರ ನಾವು ಬೇರೊಂದು ಪದವನ್ನು ಬಳಸುತ್ತೇವೆ, ಅದು ‘ಆಧುನಿಕ’. ಈಗ ಎಂಬರ್ಥದ ಸಂಸ್ಕೃತದ ‘ಅಧುನಾ’ ಎಂಬ ಅವ್ಯಯದಿಂದ ಸಿದ್ಧವಾದ ಈ ಪದವು ಮೂಲತಃ ‘ಈಗಿನದು’ ಎಂದಷ್ಟೇ ಹೇಳುತ್ತದೆ. ಇಂಗ್ಲಿಷಿನ ‘ಮಾಡರ್ನ್’ ಪದದ ಹುಟ್ಟೂ ಇಂಥದೇ. ಅದರ ಬೇರು ‘ಈಗತಾನೆ’ ಎಂಬರ್ಥದ ಲ್ಯಾಟಿನ್ನಿನ ‘ಮೊಡೊ’. ಆದರೆ ‘ಮಾಡರ್ನ್’ಗೆ ಸಮಾನಪದವಾಗಿ ನಿಂತ ಮೇಲೆ ‘ಆಧುನಿಕ’ವು ಕಾಲದೊಡನೆ ಮೌಲ್ಯವನ್ನೂ ಹೊತ್ತುಕೊಂಡಿತು. ಹಾಲಿ ಇರುವುದೆಲ್ಲವೂ ಆಧುನಿಕವಲ್ಲ ಎಂಬ ಭೇದ ಹುಟ್ಟಿದ್ದು ಹೀಗೆ.

ಈ ಭೇದವನ್ನು ಜಪಾನ್ ಮತ್ತು ಚೀನಾಗಳು ನಿರ್ವಹಿಸಿದ ಬಗೆ ನಮಗೆ ಉಪಯುಕ್ತವಾದುದು. ಜಪಾನೀ ಭಾಷೆಯಲ್ಲಿ ‘ಕಿಂದಾಯ್’ ಎಂದರೆ ಸಮೀಪದ ಯುಗ, ‘ಗೆಂದಾಯ್’ ಎಂದರೆ ಪ್ರತ್ಯಕ್ಷವಿರುವ ಯುಗ. ಸಾಮಾನ್ಯವಾಗಿ 1868ರ ಮೇಜಿ ಪರಿವರ್ತನೆಯಿಂದ 1945ರವರೆಗಿನದು ಮೊದಲನೆಯದು, ಅಲ್ಲಿಂದ ಈಚಿನದು ಎರಡನೆಯದು. ಅವೇ ಲಿಪಿಚಿಹ್ನೆಗಳನ್ನು ಚೀನೀಯರು ‘ಜಿನ್‌ದಾಯ್’, ‘ಶಿಯೆನ್‌ದಾಯ್’ ಎಂದು ಓದುತ್ತಾರೆ. ಗಡಿಗಳು ಮಾತ್ರ ಬೇರೆ. 1840ರ ಅಫೀಮು ಯುದ್ಧದಿಂದ ಮೊದಲನೆಯದು, 1919ರ ಮೇ ನಾಲ್ಕರ ಚಳವಳಿಯಿಂದ ಎರಡನೆಯದು ಎಂಬುದು ಬಹುಕಾಲ ರೂಢಿಯಲ್ಲಿದ್ದ ವಿಂಗಡಣೆ. 1949ರ ಈಚಿನ ಸಾಹಿತ್ಯಕ್ಕೆ ‘ದಾಂಗ್‌ದಾಯ್’ ಎಂಬ ಮೂರನೆಯ ಪದವೇ ಇದೆ. ಹೊಸ ಷೋಕಿಯ ಉಡುಗೆತೊಡುಗೆಗೆ ಇಬ್ಬರೂ ಇಂಗ್ಲಿಷ್ ಪದವನ್ನೇ ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ಮೊದನ್’, ‘ಮೊದೆಂಗ್’ ಎಂದರು. ಬರೆಯುವ ಚಿಹ್ನೆ ಒಂದೇ ಆದರೂ ಯುಗದ ಗಡಿಯನ್ನು ಆಯಾ ನಾಡು ತನ್ನ ಅನುಭವದಿಂದಲೇ ಎಳೆದುಕೊಂಡಿದೆ ಎಂಬುದು ಇಲ್ಲಿ ಗಮನಾರ್ಹ.

ರಾಯಚೂರಿಗೆ ಈ ಮಾತು ಹೇಗೆ ಅನ್ವಯಿಸುತ್ತದೆ? ನಿಜಾಮರ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತಭಾಷೆಯಾಗಿ ಬಂದಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಮಾಧ್ಯಮವೂ ಉರ್ದುವೇ. ಅದಕ್ಕಾಗಿ ಸ್ಥಾಪಿತವಾದ ಅನುವಾದ ಸಂಸ್ಥೆಯು ಅರಬ್ಬಿ, ಪಾರಸಿ ಧಾತುಗಳಿಂದ ನೂತನ ಪರಿಭಾಷೆಗಳನ್ನು ರಚಿಸಿತು. ಮೇಜಿ ಕಾಲದ ಜಪಾನೀ ವಿದ್ವಾಂಸರು ಪ್ರಾಚೀನ ಚೀನೀಯಿಂದ, ಮೈಸೂರಿನ ವಿದ್ವಾಂಸರು ಸಂಸ್ಕೃತದಿಂದ ಮಾಡಿದ್ದೂ ಇದೇ ಕೆಲಸ. ಭಂಡಾರ ಬೇರೆ, ವಿಧಾನ ಒಂದೇ. ಹೀಗಾಗಿ ಮಾನ್ವಿಯಿಂದಲೋ ದೇವದುರ್ಗದಿಂದಲೋ ಉನ್ನತ ವ್ಯಾಸಂಗಕ್ಕೆ ಹೊರಟವನಿಗೆ ಹೊಸ ವಿದ್ಯೆಯು ‘ಆಧುನಿಕ’ವಾಗಿ ಬರುವ ಮೊದಲು ಉರ್ದುವಿನ ‘ಜದೀದ್’ ಆಗಿ ಬಂದಿತು. ಉರ್ದು ಕಾವ್ಯಮೀಮಾಂಸೆಗೆ ಹೊಸ ದಾರಿ ತೋರಿದ ಅಲ್ತಾಫ್ ಹುಸೇನರು (1837–1914) ಆರಿಸಿಕೊಂಡ ಕಾವ್ಯನಾಮ ‘ಹಾಲಿ’ ಎಂಬುದನ್ನೂ ನೆನೆಯಬೇಕು. ನಮ್ಮ ಕಾಗದಪತ್ರಗಳ ‘ಹಾಲಿ’ ಅಲ್ಲಿ ಹೊಸ ಸಾಹಿತ್ಯದೃಷ್ಟಿಯ ಅಂಕಿತವಾಯಿತು.

ನಮ್ಮ ಸಾಹಿತ್ಯಚರಿತ್ರೆಗಳಾದರೋ ಆಧುನಿಕತೆಯನ್ನು ಬಹುಮಟ್ಟಿಗೆ ಇಂಗ್ಲಿಷ್ ಸಂಪರ್ಕದಿಂದ ಅಳೆಯುತ್ತ ಬಂದಿವೆ. ಮೈಸೂರು, ಧಾರವಾಡ, ಮಂಗಳೂರುಗಳಿಗೆ ಹೊಂದುವ ಆ ಅಳತೆಗೋಲಿನಲ್ಲಿ ರಾಯಚೂರು ‘ತಡವಾಗಿ ಎಚ್ಚೆತ್ತ’ ಪ್ರದೇಶವಾಗುತ್ತದೆ. ಕನ್ನಡ ಶಿಕ್ಷಣಕ್ಕೆ ಇಲ್ಲಿ ಒದಗಿದ್ದ ಅಡಚಣೆ ಸುಳ್ಳಲ್ಲ. ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ 1871ರಲ್ಲೇ ಮುಂಬಯಿ ಮದರಾಸುಗಳನ್ನು ಜೋಡಿಸಿದ ರೈಲುಹಾದಿಗಳು ಸಂಧಿಸಿದ್ದು ರಾಯಚೂರಿನಲ್ಲಿ. ಪಂಡಿತ ತಾರಾನಾಥರು ಇಲ್ಲಿ ಕಟ್ಟಿದ ರಾಷ್ಟ್ರೀಯ ಶಾಲೆಯ ಹೆಸರು ‘ಹಮ್‌ದರ್ದ್’, ಎಂದರೆ ನೋವಿನಲ್ಲಿ ಪಾಲುಗೊಳ್ಳುವವನು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ನಿಜಾಮರ ಆಳ್ವಿಕೆಯಲ್ಲಿದ್ದ ಇದೇ ನಗರದಲ್ಲಿ. ಮುಂದೆ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಇವನ್ನೆಲ್ಲ ವಿಳಂಬದ ಚರಿತ್ರೆಯೆನ್ನುವುದಕ್ಕಿಂತ ಇನ್ನೊಂದು ದಾರಿಯಿಂದ ಬಂದ ವರ್ತಮಾನದ ಚರಿತ್ರೆಯೆನ್ನುವುದು ಹೆಚ್ಚು ಸಮಂಜಸ.

ಹೊಸತು ಹಳತುಗಳ ಗೆರೆಯೂ ಸ್ಥಿರವಾದುದಲ್ಲ. ರಾಯಚೂರಿಗೆ ದೂರವಲ್ಲದ ಮಾನ್ಯಖೇಟದ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ನುಡಿಯನ್ನು ‘ಪಳಗನ್ನಡ’ವೆಂದು ಕರೆಯಿತು, ಇಂದು ಆ ಗ್ರಂಥದ ನುಡಿಯೇ ನಮಗೆ ಹಳಗನ್ನಡ. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನ ‘ಪೊಸಗನ್ನಡ’ಕ್ಕೂ ಒದಗಿದ್ದು ಇದೇ ಗತಿ. ಆದುದರಿಂದ ಈ ಸೀಮೆಯ ಸಾಹಿತ್ಯವನ್ನು ಅಭ್ಯಸಿಸುವವರು ‘ಆಧುನಿಕ’ ಎಂದು ಬರೆಯುವ ಮುನ್ನ ಅದರ ಗಡಿಯನ್ನು ಎಲ್ಲಿಂದ ತಂದೆವೆಂದು ಕೇಳಿಕೊಳ್ಳುವುದು ಉಚಿತ. ಹೈದರಾಬಾದ್ ವಿಲೀನಗೊಂಡ 1948, ಏಕೀಕರಣವಾದ 1956 ಇಲ್ಲಿಯ ಬದುಕನ್ನು ನಿಜವಾಗಿ ತಿರುಗಿಸಿದ ವರ್ಷಗಳು. ಮೂಲದ ಊರನ್ನೂ ಹಾಲಿವಸ್ತಿಯನ್ನೂ ಬೇರೆಬೇರೆಯಾಗಿ ನಮೂದಿಸಿದ ಆ ಕಾಗದಪತ್ರಗಳ ಎಚ್ಚರ ಚರಿತ್ರೆಕಾರನಿಗೂ ಇರಬೇಕಾದುದು.