ಕಾನೂನು ಕಾರ್ಡಿಫಿನಲ್ಲಿ, ನ್ಯಾಯ ಲಂಡನ್ನಿನಲ್ಲಿ



ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಬೆಟ್ಟಗುಡ್ಡಗಳ ಸಣ್ಣ ನಾಡೊಂದಿದೆ. ಜನಸಂಖ್ಯೆ ಸುಮಾರು 31 ಲಕ್ಷ. ಅದರ ರಾಜಧಾನಿಯಾದ ಕಾರ್ಡಿಫ್ ನಗರದಲ್ಲಿ 1999ರಿಂದ ಒಂದು ಪ್ರತಿನಿಧಿಸಭೆ ನಡೆದುಬಂದಿದೆ. 2020ರಿಂದ ಅದಕ್ಕೆ ಸೆನೆದ್, ಎಂದರೆ ಪಾರ್ಲಿಮೆಂಟು, ಎಂದು ಹೆಸರಾಯಿತು. ವಿದ್ಯೆ, ವೈದ್ಯ, ವಸತಿ, ಬೇಸಾಯ ಮೊದಲಾದ ವಿಷಯಗಳಲ್ಲಿ ಈ ಸಭೆಯು ಕಾನೂನುಗಳನ್ನು ಮಾಡುತ್ತದೆ. ಆದರೆ ಆ ಕಾನೂನನ್ನು ಮೀರಿದವನನ್ನು ಹಿಡಿಯುವ ಪೋಲೀಸು, ವಿಚಾರಿಸುವ ನ್ಯಾಯಸ್ಥಾನ, ಕೂಡಿಹಾಕುವ ಸೆರೆಮನೆ, ಇವೆಲ್ಲವೂ ಲಂಡನ್ನಿನ ಸರಕಾರದ ಅಧೀನವಾಗಿವೆ. ಈ ವಿಚಿತ್ರವಾದ ಏರ್ಪಾಡು ಹೇಗೆ ಉಂಟಾಯಿತೆಂಬುದನ್ನು ತಿಳಿಯಲು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಹತ್ತನೆಯ ಶತಮಾನದಲ್ಲಿ ವೇಲ್ಸಿನ ಬಹುಭಾಗವನ್ನು ಆಳಿದ ಹವೆಲ್ ಎಂಬ ದೊರೆಗೆ ಜನರು ‘ಒಳ್ಳೆಯವನು’ ಎಂಬ ಬಿರುದನ್ನು ಕೊಟ್ಟರು. ಆ ನಾಡಿನ ಧರ್ಮಶಾಸ್ತ್ರವು ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ನಮಗೆ ಉಳಿದಿರುವ ಪ್ರತಿಗಳು ಹದಿಮೂರನೆಯ ಶತಮಾನದಿಂದ ಈಚಿನವು. ಕೊಲೆಗೆ ಪ್ರತಿಯಾಗಿ ಕೊಲೆಯನ್ನು ವಿಧಿಸದೆ, ಕೊಂದವನ ಬಂಧುಗಳು ಸತ್ತವನ ಬಂಧುಗಳಿಗೆ ದ್ರವ್ಯವನ್ನು ಕೊಟ್ಟು ವೈರವನ್ನು ಮುಗಿಸಬೇಕೆಂದು ಅದು ವಿಧಿಸಿತು. ಏಳು ವರ್ಷ ಸಂಸಾರ ಮಾಡಿದ ಮೇಲೆ ಅಗಲಿದ ಹೆಂಡತಿಗೆ ಮನೆಯ ಒಡವೆವಸ್ತುಗಳಲ್ಲಿ ಅರ್ಧ ಪಾಲು ಸಲ್ಲುತ್ತಿತ್ತು. ಬೆಕ್ಕಿಗೂ ಅಲ್ಲಿ ಬೆಲೆ ಗೊತ್ತು: ಕಣ್ಣು ಬಿಡದ ಮರಿಗೆ ಒಂದು ಪೆನ್ನಿ, ಇಲಿ ಹಿಡಿಯುವ ತನಕ ಎರಡು, ಹಿಡಿದ ಮೇಲೆ ನಾಲ್ಕು. ಇದನ್ನು ಕೇಳಿ ನಗುವವರು ನಗಲಿ. ದವಸದ ಕಣಜವಿದ್ದ ಒಕ್ಕಲಿಗನಿಗೆ ಅದು ನಗುವ ಮಾತಾಗಿರಲಿಲ್ಲ.

1282ರಲ್ಲಿ ಕಡೆಯ ಸ್ವತಂತ್ರ ರಾಜಕುಮಾರನಾದ ಲೆವೆಲಿನ್ ಮಡಿದನು. ಹವೆಲನ ಕಾನೂನು ಸೈತಾನನ ಪ್ರೇರಣೆಯಿಂದ ಹುಟ್ಟಿದ್ದೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನು ಆ ಕಾಲದಲ್ಲಿಯೇ ಬರೆದನು. ಗೆದ್ದ ಒಂದನೆಯ ಎಡ್ವರ್ಡನು 1284ರಲ್ಲಿ ಅಪರಾಧಗಳಿಗೆ ಇಂಗ್ಲಿಷ್ ಕಾನೂನನ್ನು ತಂದು, ಸಿವಿಲ್ ವ್ಯಾಜ್ಯಗಳಲ್ಲಿ ಹಳೆಯದನ್ನು ಕೆಲಮಟ್ಟಿಗೆ ಉಳಿಸಿದನು. ಆ ಶೇಷವೂ ಎಂಟನೆಯ ಹೆನ್ರಿಯ ಕಾಲದಲ್ಲಿ ಅಳಿಯಿತು. 1536ರ ಶಾಸನವು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿ, ನ್ಯಾಯಸ್ಥಾನಗಳಲ್ಲಿ ಇಂಗ್ಲಿಷ್ ಭಾಷೆಯನ್ನೇ ನಡೆಯಿಸಬೇಕೆಂದು ಕಟ್ಟುಮಾಡಿತು. ಅದನ್ನು ಅಂಗೀಕರಿಸಿದ ಪಾರ್ಲಿಮೆಂಟಿನಲ್ಲಿ ವೇಲ್ಸಿನ ಪ್ರತಿನಿಧಿ ಒಬ್ಬನೂ ಇರಲಿಲ್ಲ! 1707ರಲ್ಲಿ ಸ್ಕಾಟ್ಲೆಂಡು ಇಂಗ್ಲೆಂಡನ್ನು ಕೂಡಿದಾಗ ಎರಡು ಪಾರ್ಲಿಮೆಂಟುಗಳ ನಡುವೆ ಕರಾರಾಗಿ, ಸ್ಕಾಟರು ತಮ್ಮ ಕಾನೂನನ್ನೂ ನ್ಯಾಯಸ್ಥಾನಗಳನ್ನೂ ಉಳಿಸಿಕೊಂಡರು. ವೇಲ್ಸಿಗೆ ಕರಾರು ಮಾಡುವ ಅವಕಾಶವೇ ದೊರೆಯಲಿಲ್ಲ. ಇಂದಿನ ಭೇದಕ್ಕೆ ಮೂಲ ಇಲ್ಲಿದೆಯೆಂದು ನನ್ನ ಅಭಿಪ್ರಾಯ.

1543ರಲ್ಲಿ ಹನ್ನೆರಡು ಕೌಂಟಿಗಳನ್ನು ನಾಲ್ಕು ಮಂಡಲಗಳಾಗಿ ವಿಂಗಡಿಸಿ ‘ಮಹಾ ಅಧಿವೇಶನ’ ಎಂಬ ನ್ಯಾಯಸ್ಥಾನಗಳನ್ನು ಸ್ಥಾಪಿಸಿದರು. ವರ್ಷಕ್ಕೆ ಎರಡು ಸಲ, ಆರಾರು ದಿನ, ಅವು ಜನರಿದ್ದಲ್ಲಿಗೆ ಬರುತ್ತಿದ್ದುವು. ನ್ಯಾಯಾಧಿಪತಿಗಳಲ್ಲಿ ಹೆಚ್ಚಿನವರಿಗೆ ವೆಲ್ಷ್ ಭಾಷೆ ಬಾರದು. ವಾದಿ ಪ್ರತಿವಾದಿಗಳ ಮಾತು ದ್ವಿಭಾಷಿಯ ಬಾಯಿಂದ ಹೋಗಬೇಕು. ದೋಷಗಳಿದ್ದುವು ನಿಜ; ಆದರೂ ಅದು ವೇಲ್ಸಿನದೇ ಆದ ಸಂಸ್ಥೆ. ದೋಷವನ್ನು ತಿದ್ದುವ ಬದಲು 1830ರಲ್ಲಿ ಸಂಸ್ಥೆಯನ್ನೇ ತೆಗೆದುಹಾಕಿದರು.

ಈಚಿನ ಕಥೆಯನ್ನು ಬೇಗ ಮುಗಿಸುತ್ತೇನೆ. 1979ರಲ್ಲಿ ಪ್ರತಿನಿಧಿಸಭೆ ಬೇಕೇ ಎಂದು ಕೇಳಿದಾಗ ಬೇಡವೆಂದವರು ನಾಲ್ಕು ಪಾಲು, ಬೇಕೆಂದವರು ಒಂದು ಪಾಲು. 1997ರಲ್ಲಿ 6,721 ಮತಗಳ ಅಂತರದಿಂದ ಬೇಕೆಂಬ ಪಕ್ಷ ಗೆದ್ದಿತು. 2011ರಲ್ಲಿ ಪೂರ್ಣ ಶಾಸನಾಧಿಕಾರಕ್ಕೆ ನೂರಕ್ಕೆ 63.5 ಮಂದಿ ಒಪ್ಪಿದರು. ಹನ್ನೆರಡು ವರ್ಷಗಳ ಕೆಲಸವನ್ನು ಕಣ್ಣಾರೆ ಕಂಡ ಜನರ ತೀರ್ಪು ಇದು.

ಶಾಸನ ಒಂದೆಡೆ, ನ್ಯಾಯ ಒಂದೆಡೆ ಇದ್ದರೆ ಆಗುವ ತೊಡಕನ್ನು ಒಂದು ನಿದರ್ಶನದಿಂದ ಹೇಳಬಹುದು. ಮಕ್ಕಳನ್ನು ತಂದೆತಾಯಿಗಳು ‘ಯುಕ್ತವಾಗಿ ಶಿಕ್ಷಿಸಿದೆವು’ ಎಂದು ಹೇಳಿ ಪಾರಾಗುವ ಹಳೆಯ ರಕ್ಷಣೆಯನ್ನು ಸೆನೆದ್ 2020ರಲ್ಲಿ ರದ್ದುಮಾಡಿತು. 2022ರ ಮಾರ್ಚ್ 21ರಿಂದ ಅದು ಜಾರಿಗೆ ಬಂದಿತು. ಇಂಗ್ಲೆಂಡಿನಲ್ಲಿ ಆ ರಕ್ಷಣೆಯನ್ನು ಆಗ ತೆಗೆಯಲಿಲ್ಲ. ಮಗುವಿನ ಪಾಠಶಾಲೆ, ಆರೋಗ್ಯ, ಪೋಷಣೆ ಕಾರ್ಡಿಫಿನ ಹೊಣೆ. ಅದೇ ಮಗು ತಪ್ಪುಮಾಡಿ ಸಿಕ್ಕಿಬಿದ್ದರೆ ಲಂಡನ್ನಿನ ಹೊಣೆ. ಇನ್ನೂ ಕಷ್ಟವಾದ ಸಂಗತಿ ಹೆಂಗಸರದು. ವೇಲ್ಸಿನಲ್ಲಿ ಹೆಂಗಸರ ಸೆರೆಮನೆಯೇ ಇಲ್ಲ. ಶಿಕ್ಷೆ ಹೊಂದಿದವಳನ್ನು ಗಡಿಯಾಚೆಗೆ, ಗ್ಲಾಸ್ಟರ್‌ಷೈರ್ ಅಥವಾ ಚೆಷೈರಿಗೆ ಕಳುಹಿಸುತ್ತಾರೆ. ತಾಯಿಯನ್ನು ನೋಡಬೇಕಾದ ಮಕ್ಕಳು ಪರನಾಡಿಗೆ ಪ್ರಯಾಣ ಮಾಡಬೇಕು. ಶಿಕ್ಷೆ ಅವಳಿಗೋ, ಮಕ್ಕಳಿಗೋ?

ಇಂಗ್ಲೆಂಡ್ ಮತ್ತು ವೇಲ್ಸಿನ ಮುಖ್ಯ ನ್ಯಾಯಾಧಿಪತಿಯಾಗಿದ್ದ ಲಾರ್ಡ್ ಥಾಮಸರ ಅಧ್ಯಕ್ಷತೆಯ ಆಯೋಗವು 2019ರಲ್ಲಿ, ನ್ಯಾಯಾಧಿಕಾರವನ್ನು ವೇಲ್ಸಿಗೆ ಒಪ್ಪಿಸಬೇಕೆಂದು ಏಕಮತದಿಂದ ಹೇಳಿತು. ಇದು ದೂರದ ಪಕ್ಷಪಾತಿಯ ಮಾತಲ್ಲ. ಆ ನ್ಯಾಯವ್ಯವಸ್ಥೆಯ ಶಿಖರದಲ್ಲಿಯೇ ಕುಳಿತಿದ್ದವರ ಮಾತು. ರೋವನ್ ವಿಲಿಯಮ್ಸ್ ಮತ್ತು ಲಾರಾ ಮೆಕಾಲಿಸ್ಟರ್ ಇವರ ಆಯೋಗವೂ 2024ರಲ್ಲಿ ಅದನ್ನೇ ಅನುಮೋದಿಸಿತು.

ಪ್ರತಿವಾದಗಳೂ ಇವೆ, ಅವನ್ನು ಹಗುರವಾಗಿ ಕಾಣಲಾಗದು. ಗಡಿಯುದ್ದಕ್ಕೂ ಜನರ ಹೋಗುಬರುವಿಕೆ ಬಹಳ. ಉತ್ತರ ವೇಲ್ಸಿನವನಿಗೆ ಕಾರ್ಡಿಫಿಗಿಂತ ಲಿವರ್‌ಪೂಲ್ ಹತ್ತಿರ. ಒಂದೇ ವಕೀಲವರ್ಗವನ್ನು ಎರಡಾಗಿ ಸೀಳಿದರೆ ಸಣ್ಣ ಭಾಗಕ್ಕೆ ನಷ್ಟವೆಂಬ ಭಯವೂ ಉಂಟು. ಆದರೆ ಖರ್ಚನ್ನು ತಾಳಲಾರರೆಂಬ ವಾದಕ್ಕೆ ಬಲ ಕಡಿಮೆ. ವೇಲ್ಸಿನ ನ್ಯಾಯಕ್ಕಾಗಿ ಆಗುವ ವೆಚ್ಚದಲ್ಲಿ ನೂರಕ್ಕೆ ಸುಮಾರು 40 ಭಾಗ ಆಗಲೇ ವೇಲ್ಸಿನೊಳಗಿಂದಲೇ ಬರುತ್ತಿದೆಯೆಂದು ಥಾಮಸ್ ಆಯೋಗವು ಲೆಕ್ಕಹಾಕಿತು. ವೇಲ್ಸಿಗಿಂತ ಕಡಿಮೆ ಜನರಿರುವ ಉತ್ತರ ಐರ್ಲೆಂಡಿಗೆ ಪೋಲೀಸು, ನ್ಯಾಯ ಎರಡನ್ನೂ 2010ರಲ್ಲಿ ಒಪ್ಪಿಸಿದ್ದಾಗಿದೆ.

2024ರ ಚುನಾವಣೆಗೆ ಮುನ್ನ ಲೇಬರ್ ಪಕ್ಷವು, ಬಾಲಾಪರಾಧಿಗಳ ವಿಷಯವನ್ನೂ ಬಿಡುಗಡೆಯಾದವರ ಮೇಲ್ವಿಚಾರಣೆಯನ್ನೂ ವೇಲ್ಸಿಗೆ ವಹಿಸುವುದನ್ನು ಪರಿಶೀಲಿಸುವುದಾಗಿ ತನ್ನ ಘೋಷಣಾಪತ್ರದಲ್ಲಿ ಬರೆಯಿತು. ನ್ಯಾಯಸ್ಥಾನಗಳ ಮಾತನ್ನು ಅದು ಎತ್ತಲಿಲ್ಲ.