ವಸಂತಕಾಲದ ಮಕ್ಕಳ ಕೈಕೆಲಸಗಳು ಮತ್ತು ಕಲಿಕಾ ಚಟುವಟಿಕೆಗಳು (ಕರ್ನಾಟಕ)

ವಸಂತಕಾಲದ ಮಕ್ಕಳ ಕೈಕೆಲಸಗಳು ಎಂದರೆ ಚೈತ್ರ ಮತ್ತು ವೈಶಾಖ ಮಾಸಗಳಲ್ಲಿ, ಅಂದರೆ ಸ್ಥೂಲವಾಗಿ ಮಾರ್ಚ್ ನಡುವಿನಿಂದ ಮೇ ತಿಂಗಳವರೆಗೆ, ಎಳೆಯ ಮಕ್ಕಳು ಆ ಋತುವಿನಲ್ಲಿ ದೊರೆಯುವ ಎಲೆ, ಹೂವು, ಬೀಜ, ಗರಿ ಮತ್ತು ಮಣ್ಣನ್ನು ಬಳಸಿ ಮಾಡುವ ವಸ್ತುಗಳು ಹಾಗೂ ಅವುಗಳ ಮೂಲಕ ನಡೆಯುವ ಕಲಿಕೆ. ಮಾವಿನೆಲೆಯ ತೋರಣ, ತೆಂಗಿನ ಗರಿಯ ಪೀಪಿ, ಮುತ್ತುಗದ ಹೂವಿನ ಬಣ್ಣ, ಹುಣಸೆಬೀಜದ ಆಟಗಳು, ಮಣ್ಣಿನ ಬಟ್ಟಲು ಮತ್ತು ಬೀಜದುಂಡೆ ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದಲ್ಲಿ ಈ ಋತುವಿನ ಹೆಚ್ಚಿನ ಭಾಗವು ಶಾಲೆಯ ಬೇಸಿಗೆ ರಜೆಯಲ್ಲಿ ಬರುತ್ತದೆ. ಆದುದರಿಂದ ಇಲ್ಲಿ ಈ ಚಟುವಟಿಕೆಗಳು ತರಗತಿಗಿಂತ ಹೆಚ್ಚಾಗಿ ಮನೆಯ ಜಗಲಿ, ಅಜ್ಜಿಯ ಊರು, ಅಂಗನವಾಡಿ ಮತ್ತು ಬೇಸಿಗೆ ಶಿಬಿರಗಳನ್ನು ಅವಲಂಬಿಸಿವೆ.

ಋತು ಮತ್ತು ಶಾಲೆಯ ವೇಳಾಪಟ್ಟಿ

ಯುರೋಪಿನ ವಸಂತವು ಹಿಮ ಕರಗಿ ನೆಲ ಹಸಿರಾಗುವ ಕಾಲ. ಅಲ್ಲಿನ ಶಾಲೆಗಳು ಆಗ ನಡೆಯುತ್ತಿರುತ್ತವೆ. ಟ್ಯೂಲಿಪ್ ಹೂವು, ಮೊಲ, ಬಣ್ಣದ ಮೊಟ್ಟೆಗಳ ಚಿತ್ರ ಮತ್ತು ಕಾಗದದ ಕೆಲಸಗಳು ಆ ಪರಿಸರದಿಂದ ಹುಟ್ಟಿದವು. ದಕ್ಷಿಣ ಕರ್ನಾಟಕದ ವಸಂತದ ಲಕ್ಷಣ ಬೇರೆ. ಇಲ್ಲಿ ನೆಲ ಒಣಗಿರುತ್ತದೆ, ಮರಗಳು ಮಾತ್ರ ಚಿಗುರುತ್ತವೆ. ಹೊಂಗೆ ಹಳೆಯ ಎಲೆ ಉದುರಿಸಿ ಹೊಸ ತಳಿರು ತಾಳುತ್ತದೆ, ಬೇವು ಹೂ ಬಿಡುತ್ತದೆ, ಹುಣಸೆಹಣ್ಣು ಮನೆಗೆ ಬರುತ್ತದೆ, ಮಾವು ಕಾಯಿಯಿಂದ ಹಣ್ಣಿಗೆ ತಿರುಗುತ್ತದೆ, ಕೋಗಿಲೆಯ ದನಿ ಕೇಳಿಸುತ್ತದೆ. ಕೆರೆಯ ನೀರು ತಗ್ಗಿ ಅಂಚಿನ ಜಿಗುಟು ಮಣ್ಣು ತೆರೆದುಕೊಳ್ಳುತ್ತದೆ.

ರಾಜ್ಯದ ಶಾಲೆಗಳಲ್ಲಿ ಶೈಕ್ಷಣಿಕ ವರ್ಷವು ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಮುಗಿದು, ಮೇ ಕೊನೆಯ ವಾರದಲ್ಲಿ ಮತ್ತೆ ಆರಂಭವಾಗುತ್ತದೆ. ಮಾರ್ಚ್ ತಿಂಗಳು ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ ಮೀಸಲು. ಹೀಗಾಗಿ ಪ್ರಕೃತಿಯಲ್ಲಿ ನೋಡಲು ಹೆಚ್ಚು ಇರುವ ವಾರಗಳಲ್ಲಿಯೇ ಮಗು ಶಿಕ್ಷಕರಿಂದ ದೂರವಿರುತ್ತದೆ. ಈ ಅಂತರವನ್ನು ಹಿಂದೆ ಹಿರಿಯರೂ ನೆರೆಹೊರೆಯ ದೊಡ್ಡ ಮಕ್ಕಳೂ ತುಂಬುತ್ತಿದ್ದರು.

ಶೈಕ್ಷಣಿಕ ಹಿನ್ನೆಲೆ

ಕೈಕೆಲಸವನ್ನು ಶಿಶುಶಿಕ್ಷಣದ ಅಂಗವಾಗಿ ವ್ಯವಸ್ಥಿತಗೊಳಿಸಿದವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ ಪ್ರಮುಖರು. 1837ರಲ್ಲಿ ಅವರು ಆರಂಭಿಸಿದ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಬಂದಿತು. ಕಾಗದ ಮಡಿಸುವುದು, ಹೆಣೆಯುವುದು, ಮಣ್ಣಿನಲ್ಲಿ ರೂಪಿಸುವುದು ಅದರ ಪಠ್ಯಕ್ರಮದ ಭಾಗವಾಗಿದ್ದವು. ಇಟಲಿಯ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದರು ಮತ್ತು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಭಾರತದ ಶಿಕ್ಷಕರಿಗೆ ತರಬೇತಿ ನೀಡಿದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದರು. 1937ರ ವರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬನ್ನೇ ಕಲಿಕೆಯ ಕೇಂದ್ರವಾಗಿಸುವ ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟರು.

ಕನ್ನಡದಲ್ಲಿ ಮಕ್ಕಳ ಸ್ವತಂತ್ರ ಕಲಿಕೆಯ ಕುರಿತು ಪ್ರಯೋಗಗಳನ್ನು ನಡೆಸಿದವರಲ್ಲಿ ಶಿವರಾಮ ಕಾರಂತರು ಗಣ್ಯರು. ಮೂರು ಸಂಪುಟಗಳ ‘ಬಾಲಪ್ರಪಂಚ’ 1936ರಲ್ಲಿ ಪ್ರಕಟವಾಯಿತು. ಪುತ್ತೂರಿನ ಅವರ ‘ಬಾಲವನ’ ಇಂದಿಗೂ ಮಕ್ಕಳ ಚಟುವಟಿಕೆಗಳ ತಾಣವಾಗಿದೆ.

ಮೈಸೂರು ಜಿಲ್ಲೆಗೆ ಈ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂದದ್ದು ತಿರುಮಕೂಡಲು ನರಸೀಪುರದಲ್ಲಿ. ಚಟುವಟಿಕೆ ಆಧಾರಿತ ‘ನಲಿ-ಕಲಿ’ ಪದ್ಧತಿಯು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲ್ಗೊಂಡು, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟ ಮತ್ತು ಸ್ಥಳೀಯ ಸಾಮಗ್ರಿಗಳಿಗೆ ಒತ್ತು ನೀಡಿದೆ.

ಪ್ರಮುಖ ಚಟುವಟಿಕೆಗಳು

ತೋರಣ: ಯುಗಾದಿಯ ಮುಂಜಾನೆ ಬಾಗಿಲಿಗೆ ಕಟ್ಟುವ ತೋರಣದಲ್ಲಿ ಮಾವಿನೆಲೆ ಮತ್ತು ಬೇವಿನ ಹೂಗೊನೆಗಳಿರುತ್ತವೆ. ನಾಲ್ಕು ವರ್ಷದ ಮಗು ಎಲೆಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಬಲ್ಲದು. ಆರು ವರ್ಷದ ಮಗು ಎಲೆಯ ತೊಟ್ಟಿನ ಭಾಗವನ್ನು ದಾರದ ಮೇಲೆ ಮಡಿಸಿ ತೆಂಗಿನ ಕಡ್ಡಿಯಿಂದ ಚುಚ್ಚಬಲ್ಲದು. ಎರಡು ಮಾವು, ಒಂದು ಬೇವು ಎಂಬ ಕ್ರಮವನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ವಿನ್ಯಾಸದ ಮೊದಲ ಪಾಠ. ಬಾಗಿಲಿನ ಅಗಲಕ್ಕೆ ಎಷ್ಟು ಎಲೆ ಬೇಕೆಂದು ಗೇಣಿನಿಂದ ಅಳೆದು ಊಹಿಸುವುದು ಅಳತೆಯ ಪಾಠ.

ತೆಂಗಿನ ಗರಿಯ ಆಟಿಕೆಗಳು: ಕಡ್ಡಿ ತೆಗೆದ ಎಳೆಯ ಗರಿಯನ್ನು ಒಂದು ತುದಿ ಕಿರಿದಾಗಿಯೂ ಇನ್ನೊಂದು ಅಗಲವಾಗಿಯೂ ಇರುವಂತೆ ಸುರುಳಿ ಸುತ್ತಿ, ಕಿರಿಯ ತುದಿಯನ್ನು ಚಪ್ಪಟೆಯಾಗಿ ಒತ್ತಿದರೆ ಪೀಪಿ ಸಿದ್ಧವಾಗುತ್ತದೆ. ಉದ್ದನೆಯ ಪೀಪಿಯ ದನಿ ತಗ್ಗಿನದು, ಚಿಕ್ಕದರ ದನಿ ಏರಿನದು ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಎರಡು ಗರಿಗಳನ್ನು ಅಡ್ಡಡ್ಡಲಾಗಿ ಹೆಣೆದು ಕಡ್ಡಿಯ ತುದಿಗೆ ಸಿಕ್ಕಿಸಿದರೆ ಗಿರಗಿಟ್ಲೆ. ಹಿಡಿದು ಓಡಿದಾಗ ಅದು ತಿರುಗುತ್ತದೆ. ಕೈಗಡಿಯಾರ, ಉಂಗುರ, ಕನ್ನಡಕ, ಹಾವು, ಚೆಂಡುಗಳನ್ನೂ ಗರಿಯಿಂದ ಮಾಡುತ್ತಾರೆ. ಮಲೆನಾಡು ಮತ್ತು ಕರಾವಳಿಯಲ್ಲಿ ಉದುರಿದ ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಆಟವಿದೆ.

ಹೂವಿನ ಬಣ್ಣ: ಮುತ್ತುಗದ ಹೂವನ್ನು ನೀರಿನಲ್ಲಿ ಕುದಿಸಿದರೆ ಹಳದಿ ಮಿಶ್ರಿತ ಕೇಸರಿ ಬಣ್ಣ ಬರುತ್ತದೆ. ಕಾಮನಹಬ್ಬ ಮತ್ತು ಓಕುಳಿಯಾಟಗಳಿಗೆ ಇದನ್ನು ಬಳಸುವ ರೂಢಿಯಿದೆ. ದಾಸವಾಳದ ದಳಗಳ ಬಿಸಿನೀರಿನ ರಸವು ನಿಂಬೆಹಣ್ಣಿನ ಹನಿಗೆ ಕೆಂಪಾಗಿಯೂ ಸಾಬೂನಿನ ನೀರಿಗೆ ಹಸಿರಾಗಿಯೂ ತಿರುಗುತ್ತದೆ. ಅರಿಶಿನಕ್ಕೆ ಸಾಬೂನಿನ ನೀರು ತಾಗಿದರೆ ಕೆಂಪಾಗುತ್ತದೆ. ಹುಳಿ ಮತ್ತು ಕ್ಷಾರದ ವ್ಯತ್ಯಾಸವನ್ನು ಹೆಸರಿಸುವ ಮೊದಲೇ ಮಗು ಕಣ್ಣಾರೆ ಕಾಣುವ ಪ್ರಯೋಗಗಳಿವು.

ಬೀಜದ ಆಟಗಳು: ಹುಣಸೆಹಣ್ಣು ಕುಟ್ಟಿದಾಗ ಉಳಿಯುವ ಬೀಜಗಳು ಎಣಿಕೆಯ ಸಾಮಗ್ರಿ. ಬೀಜವನ್ನು ಎರಡು ಹೋಳಾಗಿ ಸೀಳಿದರೆ ಒಂದು ಮಗ್ಗುಲು ಕಂದು, ಇನ್ನೊಂದು ಬಿಳಿ. ಇಂಥ ನಾಲ್ಕು ಹೋಳುಗಳು ಚೌಕಾಬಾರಕ್ಕೆ ಕವಡೆಯ ಬದಲಿಗೆ ದಾಳಗಳಾಗುತ್ತವೆ: ನಾಲ್ಕೂ ಬಿಳಿ ಬಿದ್ದರೆ ಚೌಕ (4), ನಾಲ್ಕೂ ಕಂದು ಬಿದ್ದರೆ ಬಾರ (8). ಆಟದ ಮನೆ 25 ಚೌಕಗಳದ್ದು. ಅದನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯುವುದೇ ಒಂದು ರೇಖಾಗಣಿತದ ಅಭ್ಯಾಸ. ಅಳಗುಳಿಮಣೆಯಲ್ಲಿ ಏಳೇಳರ ಎರಡು ಸಾಲಾಗಿ 14 ಗುಳಿಗಳಿರುತ್ತವೆ. ಗುಳಿಗೆ ಐದರಂತೆ ಹಂಚುವ ಕ್ರಮದಲ್ಲಿ ಆಡಿದರೆ 70 ಬೀಜ ಬೇಕು. ಗುಣಾಕಾರ, ಹಂಚಿಕೆ, ಮುಂದಾಲೋಚನೆ ಮೂರೂ ಇದರಲ್ಲಿವೆ. ಮೈಸೂರಿನಲ್ಲಿ ಇಂಥ ಆಟಗಳಿಗೆ ಅರಮನೆಯ ಪರಂಪರೆಯೂ ಇದೆ: ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳ ವಿಷಯ ಬರುತ್ತದೆ. ನಗರದ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ಸಾಂಪ್ರದಾಯಿಕ ಮಣೆಯಾಟಗಳ ಪ್ರದರ್ಶನಗಳನ್ನು ನಡೆಸಿದೆ.

ಮಣ್ಣಿನ ಬಟ್ಟಲು: ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವ ಬಟ್ಟಲನ್ನು ಮಕ್ಕಳಿಂದ ಮಾಡಿಸುವುದು ಶಿಬಿರಗಳಲ್ಲಿ ಸಾಮಾನ್ಯ. ಒಣಗಿಸಿದ ಹಸಿ ಬಟ್ಟಲಿಗೆ ನೀರು ಹಾಕಿದರೆ ಅದು ಕರಗುತ್ತದೆ. ಸುಟ್ಟ ಬಟ್ಟಲು ಕರಗುವುದಿಲ್ಲ, ಏಕೆಂದರೆ ಆವಿಗೆಯ ತೀವ್ರ ಶಾಖದಲ್ಲಿ ಮಣ್ಣಿನ ಗುಣವೇ ಬದಲಾಗಿರುತ್ತದೆ. ಸುಟ್ಟ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ ಒಳಗಿನ ನೀರು ತಂಪಾಗುತ್ತದೆ. ಇಟ್ಟ ನೀರನ್ನು ದಿನವೂ ಬದಲಿಸದಿದ್ದರೆ ಸೊಳ್ಳೆಯ ಮರಿಗಳಾಗುತ್ತವೆ. ಈ ದಿನನಿತ್ಯದ ಹೊಣೆಯೂ ಕಲಿಕೆಯ ಭಾಗ.

ಬೀಜದುಂಡೆ: ಜಿಗುಟು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನು ಕಲಸಿ, ಒಳಗೆ ಹುಣಸೆ ಅಥವಾ ಹೊಂಗೆಯ ಬೀಜವಿಟ್ಟು ಉಂಡೆ ಕಟ್ಟಿ ನೆರಳಿನಲ್ಲಿ ಒಣಗಿಸುತ್ತಾರೆ. ಮುಂಗಾರಿನ ಆರಂಭದಲ್ಲಿ ಇವನ್ನು ಬಯಲಿನಲ್ಲಿ ಹಾಕಲಾಗುತ್ತದೆ. ಹಾಕಿದ ಎಲ್ಲ ಬೀಜಗಳೂ ಮೊಳೆಯುವುದಿಲ್ಲ. ಹೀಗಾಗಿ ಒಂದೆರಡನ್ನು ಕುಂಡದಲ್ಲಿಟ್ಟು ಮಗುವಿನ ಕಣ್ಣೆದುರು ಬೆಳೆಸುವುದು ಉಪಯುಕ್ತ.

ಮರದ ದಿನಚರಿ: ಮನೆಯ ಬಳಿಯ ಒಂದೇ ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳ ಚಿತ್ರ ಬರೆಯುವ ಕೆಲಸವಿದು. ಬರಹ ಬಾರದ ಮಗುವೂ ಇದನ್ನು ಮಾಡಬಲ್ಲದು.

ಮೈಸೂರು ನಗರ ಮತ್ತು ಕುಂಬಾರಕೊಪ್ಪಲು

ಮೈಸೂರು ಸೀಮೆಯಲ್ಲಿ ಕೊಪ್ಪಲು ಎಂದರೆ ಚಿಕ್ಕ ಊರು. ಮಂಚೇಗೌಡನಕೊಪ್ಪಲು, ಕುಂಬಾರಕೊಪ್ಪಲು ಮುಂತಾದವು ಇಂದು ನಗರದ ಬಡಾವಣೆಗಳಾಗಿದ್ದರೂ ಹೆಸರಿನಲ್ಲಿ ಹಳ್ಳಿಯ ನೆನಪನ್ನು ಉಳಿಸಿಕೊಂಡಿವೆ. ಕುಂಬಾರಕೊಪ್ಪಲಿನ ಹೆಸರು ಮಣ್ಣಿನ ಕಸುಬನ್ನು ನೇರವಾಗಿ ಸೂಚಿಸುತ್ತದೆ. ನಗರ ಬೆಳೆದಂತೆ ಇಂಥ ಬಡಾವಣೆಗಳ ಮಕ್ಕಳಿಗೆ ಮಣ್ಣು, ಗರಿ, ಬಯಲು ಸುಲಭವಾಗಿ ಸಿಗುವುದು ಕಡಿಮೆಯಾಗಿದೆ. ಹಿಂದೆ ಬಿಟ್ಟಿಯಾಗಿ ದೊರೆಯುತ್ತಿದ್ದ ಜೇಡಿಮಣ್ಣಿನ ಸ್ಥಾನದಲ್ಲಿ ಅಂಗಡಿಯ ಬಣ್ಣದ ಕ್ಲೇ ಬಂದಿದೆ. ಊರಿನ ಹೆಸರಿನ ಅರ್ಥವನ್ನು ಮಗುವಿಗೆ ವಿವರಿಸಿ, ಕುಂಬಾರರ ತಿಗರಿ ಮತ್ತು ಆವಿಗೆಯನ್ನು ತೋರಿಸುವುದು ಸ್ಥಳೀಯ ಚರಿತ್ರೆಯ ಸಹಜ ಪ್ರವೇಶವಾಗಬಲ್ಲದು.

ನಗರದ ಬೇಸಿಗೆ ಶಿಬಿರಗಳಲ್ಲಿ ರಂಗಾಯಣದ ‘ಚಿಣ್ಣರ ಮೇಳ’ ಹೆಸರಾದುದು. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಸ್ಥಾಪಿತವಾದ ರಂಗಾಯಣದ ಆವರಣದಲ್ಲಿ ಬೇಸಿಗೆ ರಜೆಯ ವೇಳೆ ನಡೆಯುವ ಈ ಮೇಳದಲ್ಲಿ ನಾಟಕ, ಹಾಡು, ಚಿತ್ರ ಮತ್ತು ಕೈಕೆಲಸಗಳನ್ನು ಒಟ್ಟಾಗಿ ಕಲಿಸಲಾಗುತ್ತದೆ. ರಾಜ್ಯದ ಬಾಲಭವನಗಳೂ ಬೇಸಿಗೆ ಶಿಬಿರಗಳನ್ನು ಏರ್ಪಡಿಸುತ್ತವೆ. ಗ್ರಾಮೀಣ ಪ್ರದೇಶದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇತ್ತೀಚಿನ ವರ್ಷಗಳಲ್ಲಿ ಇದೇ ಕೆಲಸಕ್ಕೆ ಮುಂದಾಗಿವೆ.

ಸುರಕ್ಷತೆ

ಈ ಋತುವಿನ ಚಟುವಟಿಕೆಗಳಲ್ಲಿ ಕೆಲವು ನಿಜವಾದ ಅಪಾಯಗಳಿವೆ.

ಗುಲಗಂಜಿ: ಕೆಂಪು-ಕಪ್ಪು ಬಣ್ಣದ ಈ ಆಕರ್ಷಕ ಬೀಜವನ್ನು ಅಳಗುಳಿಮಣೆಗೆ ಬಳಸುವ ಹಳೆಯ ರೂಢಿಯಿದೆ. ಇದರಲ್ಲಿ ಅಬ್ರಿನ್ ಎಂಬ ತೀವ್ರ ವಿಷವಿದ್ದು, ಅಗಿದು ನುಂಗಿದರೆ ಪ್ರಾಣಾಪಾಯವುಂಟು. ಎಳೆಯ ಮಕ್ಕಳ ಕೈಗೆ ಇದನ್ನು ಕೊಡಬಾರದು. ಹುಣಸೆಬೀಜ ಉತ್ತಮ ಬದಲಿ.

ವಿಷದ ಹೂಗಳು: ಕಣಗಿಲೆ ಮತ್ತು ಉಮ್ಮತ್ತಿಯ ಎಲ್ಲ ಭಾಗಗಳೂ ವಿಷಕಾರಿ. ಹೂ ಸಂಗ್ರಹಿಸುವ ಮೊದಲು ಇವನ್ನು ಮಕ್ಕಳಿಗೆ ಗುರುತಿಸಿ ತೋರಿಸಬೇಕು. ಗೇರುಬೀಜದ ಹಸಿ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ.

ಕೆರೆಯ ಮಣ್ಣು: ಬೇಸಿಗೆಯಲ್ಲಿ ಹೂಳು ಅಥವಾ ಮಣ್ಣು ತೆಗೆದ ಗುಂಡಿಗಳು ಮೇಲುನೋಟಕ್ಕೆ ಕಾಣದಷ್ಟು ಆಳವಾಗಿರುತ್ತವೆ. ಮಣ್ಣು ತರುವ ಕೆಲಸ ದೊಡ್ಡವರದೇ ಆಗಿರಬೇಕು.

ಚಿಕ್ಕ ವಸ್ತುಗಳು: ಮೂರು ವರ್ಷದೊಳಗಿನ ಮಕ್ಕಳು ಬೀಜಗಳನ್ನು ಬಾಯಿಗೆ ಇಲ್ಲವೆ ಮೂಗಿಗೆ ಹಾಕಿಕೊಳ್ಳುವ ಸಂಭವವಿದೆ. ಬಿಸಿನೀರು, ಸುಣ್ಣ, ಚಾಕುಗಳ ಬಳಕೆ ಹಿರಿಯರಿಗೇ ಇರಲಿ. ನಡುಹಗಲಿನ ಬಿಸಿಲನ್ನು ತಪ್ಪಿಸಿ, ಮುಂಜಾನೆ ಅಥವಾ ಸಂಜೆ ಹೊರಗಿನ ಕೆಲಸ ಇಟ್ಟುಕೊಳ್ಳುವುದು ಸೂಕ್ತ.

ಟೀಕೆ ಮತ್ತು ಚರ್ಚೆ

ಶಿಶುವಿಹಾರಗಳಲ್ಲಿ ಬಳಕೆಯಾಗುವ ಮುದ್ರಿತ ಹಾಳೆಗಳು ಪರದೇಶದ ವಸಂತವನ್ನೇ ಚಿತ್ರಿಸುತ್ತವೆ ಎಂಬ ಆಕ್ಷೇಪವಿದೆ. ಟ್ಯೂಲಿಪ್ಪಿಗೆ ಬಣ್ಣ ತುಂಬಿದ ಮಗು ಕಿಟಕಿಯಾಚೆಯ ಹೊಂಗೆಯನ್ನು ಹೆಸರಿಸಲಾರದೆ ಹೋಗಬಹುದು. ಇನ್ನೊಂದು ಆಕ್ಷೇಪ, ಎಲ್ಲ ಮಕ್ಕಳೂ ಒಂದೇ ಬಗೆಯ ವಸ್ತುವನ್ನು ಮಾಡಬೇಕೆಂಬ ಒತ್ತಾಯ ಮತ್ತು ಪ್ರದರ್ಶನಕ್ಕಾಗಿ ಹಿರಿಯರೇ ಕೆಲಸ ಮುಗಿಸಿಕೊಡುವ ಪರಿಪಾಠದ ಕುರಿತದ್ದು. ಸೊಟ್ಟಗಾದರೂ ಮಗುವೇ ಮಾಡಿದ ಬಟ್ಟಲಿಗೆ ಕಲಿಕೆಯ ದೃಷ್ಟಿಯಿಂದ ಹೆಚ್ಚಿನ ಬೆಲೆಯಿದೆ.

ಅತಿ ಗಂಭೀರವಾದ ಪ್ರಶ್ನೆ ಅವಕಾಶದ ಅಸಮಾನತೆಯದು. ಶುಲ್ಕ ಕೊಡಬಲ್ಲ ಮನೆಯ ಮಕ್ಕಳಿಗೆ ರಜೆಯಲ್ಲಿ ಶಿಬಿರಗಳುಂಟು. ಕೂಲಿಗೆ ಹೋಗುವ ತಂದೆತಾಯಿಯ ಮಕ್ಕಳಿಗೆ ಶಾಲೆ ಮುಚ್ಚಿದಾಗ ಊಟ, ಒಡನಾಟ, ಪುಸ್ತಕ ಮೂರೂ ಒಮ್ಮೆಗೇ ತಪ್ಪುತ್ತವೆ. 2024ರ ಬರಗಾಲದಲ್ಲಿ ರಾಜ್ಯ ಸರ್ಕಾರವು ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಒದಗಿಸಲು ಕ್ರಮ ಕೈಗೊಂಡಿತ್ತು. ಹೀಗೆ ಊಟಕ್ಕಾಗಿ ಒಂದೆಡೆ ಸೇರುವ ಮಕ್ಕಳಿಗೆ ದಿನಕ್ಕೊಂದು ಗಂಟೆ ಕೈಕೆಲಸವನ್ನು ಜೋಡಿಸುವುದು ಕಷ್ಟವಲ್ಲ. ಮೇಲೆ ಹೇಳಿದ ಚಟುವಟಿಕೆಗಳಿಗೆ ಬೇಕಾದ ಎಲೆ, ಬೀಜ, ಮಣ್ಣುಗಳಿಗೆ ಹಣ ಬೇಕಿಲ್ಲ ಅಥವಾ ಅತ್ಯಲ್ಪ ಸಾಕು. ಬೇಕಾದುದು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲು ಬಿಡುವಿರುವ ಒಬ್ಬ ಹಿರಿಯರು. ನಿವೃತ್ತ ಶಿಕ್ಷಕರು, ಅಜ್ಜ-ಅಜ್ಜಿಯರು, ಬಡಾವಣೆಯ ಕುಶಲಕರ್ಮಿಗಳು ಮತ್ತು ಗ್ರಂಥಪಾಲಕರು ಈ ಪಾತ್ರವನ್ನು ವಹಿಸಬಲ್ಲರು.